ಬಿಸಿಲಿಗಿಟ್ಟ ದ್ರಾಕ್ಷಿ, ನೆರಳಿಗೆಳೆದ ಅಪ್ಪ

ತೆಲಸಂಗ

ನಾನು ಮೊದಲ ಸಲ ದೇಶ ಬಿಟ್ಟು ಹೋದದ್ದು ಮಗಳನ್ನು ಮನೆಗೆ ಎಳೆದು ತರಲಿಕ್ಕೆ. ಹೋಗುವ ಟಿಕೆಟ್ ಒಂದು, ಬರುವ ಟಿಕೆಟ್ ಎರಡು ತೆಗೆಸಿದ್ದೆ. ಅಷ್ಟು ಗಟ್ಟಿ ಮನಸ್ಸು ಮಾಡಿ ಹೋದವನು ಒಬ್ಬನೇ ಹೇಗೆ ಬಂದೆ ಎಂದು ಕೇಳಿದವರಿಗೆ ಒಂದೊಂದು ಬಗೆಯಾಗಿ ಹೇಳಿದ್ದೇನೆ. ಇದು ನಡೆದ ಹಾಗೆ.

ಮಗಳು ಸ್ನೇಹಲ್ ಕೃಷಿ ಕಾಲೇಜಿನ ವಿದ್ಯಾರ್ಥಿನಿ. ಒಂದು ವರ್ಷದ ಸಂಶೋಧನೆಗೆಂದು ಟರ್ಕಿಗೆ ಹೋದಳು. ಅವಳ ವಿಷಯ ಒಣದ್ರಾಕ್ಷಿ. ನಮ್ಮ ಅಥಣಿ ಸೀಮೆಯಲ್ಲಿ ದ್ರಾಕ್ಷಿಯನ್ನು ಶೆಡ್ಡಿನ ನೆರಳಲ್ಲಿ, ರ್ಯಾಕಿನ ಮೇಲೆ ಒಣಗಿಸುತ್ತೇವೆ. ಅವರು ಬಯಲಲ್ಲಿ ಬಿಸಿಲಿಗೆ ಹರವುತ್ತಾರೆ. ಒಂದೇ ತೋಟದ ಹಣ್ಣನ್ನು ಎರಡೂ ರೀತಿ ಒಣಗಿಸಿ, ದಿನಕ್ಕೆ ಎರಡು ಸಲ ತೂಗಿ, ಯಾವುದು ಎಷ್ಟು ನೀರು ಬಿಡುತ್ತದೆ, ಬಣ್ಣ ಹೇಗೆ ತಿರುಗುತ್ತದೆ ಎಂದು ಬರೆಯಬೇಕು. ಉಳಿದ ಹೊತ್ತಿನಲ್ಲಿ ದ್ರಾಕ್ಷಿ ಕೊಯ್ಯಲು ಬರುವ ಕೂಲಿಯವರ ಮಕ್ಕಳಿಗೆ ಪಾಠ ಹೇಳುವುದು. ಇದು ಅವಳು ತಾನಾಗಿ ಮೈಮೇಲೆ ಎಳೆದುಕೊಂಡ ಸ್ವಯಂಸೇವೆ. ಮೂರು ಎಕರೆ ದ್ರಾಕ್ಷಿ ಇರುವ ಅಪ್ಪನಿಗೆ ಇದರಲ್ಲಿ ಹೆಮ್ಮೆಪಡಲು ಬೇಕಾದಷ್ಟಿತ್ತು. ನಾನು ಚಿಂತೆ ಮಾಡಿದೆ. ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ.

ಆಗಸ್ಟ್ ಕೊನೆಗೆ ಫೋನ್ ಬಂತು.

"ಪಪ್ಪಾ, ಒಂದ್ ಸಣ್ಣ ಸುದ್ದಿ ಐತಿ. ಗಾಬರಿ ಆಗಬ್ಯಾಡ್ರಿ."

ಈ ಮಾತು ಕೇಳಿಯೂ ಗಾಬರಿಯಾಗದವನು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಒಣಗಿಸುವ ಮುಂಚೆ ದ್ರಾಕ್ಷಿಯನ್ನು ಎಣ್ಣೆ ಮತ್ತು ಪೊಟ್ಯಾಶ್ ಕಲಸಿದ ನೀರಿನಲ್ಲಿ ಅದ್ದುತ್ತಾರಲ್ಲ, ಆ ತೊಟ್ಟಿಯ ಹತ್ತಿರ ಕಾಲು ಜಾರಿ ಬಿದ್ದಿದ್ದಳು. ಬಲಗೈ ಮಣಿಕಟ್ಟು ಮುರಿದಿತ್ತು, ಕಾಲು ಉಳುಕಿತ್ತು. ತೂಗುವವರಿಲ್ಲದೆ ಅಲ್ಲಿವರೆಗೆ ಒಣಗಲಿಟ್ಟ ಟ್ರೇಗಳೆಲ್ಲ ವ್ಯರ್ಥವಾಗಿದ್ದವು. ಹಂಗಾಮು ಇನ್ನೇನು ಮುಗಿಯುತ್ತದೆ, ಮತ್ತೆ ಹಣ್ಣು ಬರುವುದು ಮುಂದಿನ ವರ್ಷವೇ, ಮನೆಗೆ ಹೋಗಿ ಸುಧಾರಿಸಿಕೋ ಎಂದು ಅವಳ ಪ್ರೊಫೆಸರರು ಹೇಳಿದ್ದರಂತೆ.

ನಾನು ಆ ಪ್ರೊಫೆಸರರ ಪಕ್ಷ ಸೇರಿದೆ. ಮಗಳು ಸೇರಲಿಲ್ಲ. ಎರಡು ವಾರ ವೀಸಾಕ್ಕಾಗಿ ಓಡಾಡುತ್ತ, ಊಟ ಬಿಡುತ್ತ, ಇಂಟರ್‌ನೆಟ್ಟಿನಲ್ಲಿ ಮಣಿಕಟ್ಟಿನ ಎಲುಬಿನ ಬಗ್ಗೆ ಓದುತ್ತ ಇದ್ದೆ. ಹೆಂಡತಿ ಸುಮನ್ ಒಂದೇ ಮಾತಿನಲ್ಲಿ ನನ್ನನ್ನು ಕಳಿಸಿಕೊಟ್ಟಳು. "ಇಲ್ಲೆ ಕುಂತು ಚಿಂತಿ ಮಾಡೂದಕ್ಕಿಂತ ಅಲ್ಲೇ ಹೋಗಿ ಮಾಡ್ರಿ. ನನಗರೆ ನಾಲ್ಕ್ ದಿನ ಆರಾಮ."

ಚಿಕ್ಕೋಡಿಯ ಅಕ್ಕ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಒಮ್ಮೆ ದುಬೈ ಕಂಡು ಬಂದ ನಿಪ್ಪಾಣಿಯ ಭಾವ ಬುದ್ಧಿ ಕಟ್ಟಿಕೊಟ್ಟರು: "ವಿಮಾನದಾಗ ಬೂಟ್ ಬಿಚ್ಚಬ್ಯಾಡ್ರಿ. ಕಾಲ್ ಬಾತು ಅಂದ್ರ ಮತ್ತ ಒಳಗ ಹೋಗೂದಿಲ್ಲ." ಮುಂಬೈಯಿಂದ ಇಸ್ತಾಂಬುಲ್‌ವರೆಗೆ ನಾನು ಬೂಟು ಬಿಚ್ಚಲಿಲ್ಲ. ಕಾಲು ಬೂಟಿನೊಳಗೇ ಬಾತಿತು.

ಇಜ್ಮಿರ್

ಸುಮನ್ ನನ್ನ ಸೂಟ್‌ಕೇಸಿನಲ್ಲಿ ಮಂಗಸೂಳಿ ಮಲ್ಲಯ್ಯನ ಭಂಡಾರದ ಪೊಟ್ಟಣ ಇಟ್ಟಿದ್ದಳು. ಅರಿಸಿನ ಪುಡಿಯ ಆ ಪೊಟ್ಟಣ ದಾರಿಯಲ್ಲಿ ಒಡೆದಿತ್ತು. ಇಸ್ತಾಂಬುಲ್‌ನಿಂದ ಇನ್ನೊಂದು ವಿಮಾನ ಹತ್ತಿ ಇಳಿದ ಇಜ್ಮಿರ್ ನಿಲ್ದಾಣದಲ್ಲಿ ಅಧಿಕಾರಿ ಸೂಟ್‌ಕೇಸ್ ತೆರೆದ. ನನ್ನ ಬಿಳಿ ಅಂಗಿಗಳು ಹಳದಿ, ರೊಟ್ಟಿ ಹಳದಿ, ಮುಟ್ಟಿ ನೋಡಿದ ಅವನ ಬೆರಳು ಹಳದಿ. ಮೂಸಿದ, ಮೂಗಿನ ತುದಿಯೂ ಹಳದಿಯಾಯಿತು. "ಟರ್ಮರಿಕ್, ಗಾಡ್" ಎಂದೆ. ಅವನು ದೇವರನ್ನು ನಂಬಿದನೋ ಅರಿಸಿನವನ್ನೋ, ನಕ್ಕು ಬಿಟ್ಟುಬಿಟ್ಟ. ಅವತ್ತು ಸಂಜೆ ಮನೆಗೆ ಹೋದಾಗ ಅವನ ಹೆಂಡತಿ ಏನು ಕೇಳುವಳೋ ಎಂಬುದು ಬಸ್ ನಿಲ್ದಾಣದವರೆಗೆ ನನ್ನ ಚಿಂತೆಯಾಗಿತ್ತು.

ಬಸ್ಸಿನಲ್ಲಿ ಇನ್ನೊಂದಾಯಿತು. ಬಸ್ಸು ಹೊರಟು ಸ್ವಲ್ಪ ಹೊತ್ತಿಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸಹಾಯಕ ಬಾಟಲಿ ಹಿಡಿದು ಒಬ್ಬೊಬ್ಬರ ಅಂಗೈಗೆ ಏನೋ ಹನಿಸುತ್ತ ಬಂದ. ನಾನು ಬಲಗೈ ಗುಳಿ ಮಾಡಿ, ಅದರ ಕೆಳಗೆ ಎಡಗೈ ಕೊಟ್ಟು ಭಕ್ತಿಯಿಂದ ಹಿಡಿದೆ. ಹಿಡಿದದ್ದನ್ನು ಕುಡಿದೆ. ಐವತ್ತು ವರ್ಷ ಗುಡಿಯಲ್ಲಿ ತೀರ್ಥ ತೆಗೆದುಕೊಂಡ ಕೈ ಬೇರೇನು ಮಾಡೀತು? ಅದು ಕೈಗೆ ಸವರಿಕೊಳ್ಳುವ ನಿಂಬೆ ವಾಸನೆಯ ಅತ್ತರಿನಂಥ ನೀರು. ಗಂಟಲಿನಿಂದ ಹೊಟ್ಟೆಯವರೆಗೆ ಬೆಂಕಿಯ ಗೆರೆ ಎಳೆದ ಹಾಗಾಯಿತು. ಪಕ್ಕದ ಹೆಂಗಸು ಹೌಹಾರಿ ನೀರಿನ ಬಾಟಲಿ ಕೊಟ್ಟಳು. ಅವಳ ಹಿಂದಿನವರು ಬಿಸ್ಕೀಟು ಕೊಟ್ಟರು, ಅವರ ಹಿಂದಿನವರು ಅಂಜೂರ. ಇಳಿಯುವ ಹೊತ್ತಿಗೆ ಇಡೀ ಬಸ್ಸಿಗೆ ನಾನು ಬೀಗನಾಗಿದ್ದೆ.

ಹಳ್ಳಿ, ಮೊದಲ ದಿನ

ಮನೀಸಾ ಪ್ರಾಂತದ ಆ ಹಳ್ಳಿಯಲ್ಲಿ ಎತ್ತ ನೋಡಿದರೂ ನೆಲದ ಮೇಲೆ ದ್ರಾಕ್ಷಿ. ಎಕರೆಗಟ್ಟಲೆ ಹಾಸು, ಅದರ ಮೇಲೆ ಹೊನ್ನಿನ ಬಣ್ಣಕ್ಕೆ ತಿರುಗುತ್ತಿರುವ ಹಣ್ಣು, ತಲೆಯ ಮೇಲೆ ನೆತ್ತಿ ಸುಡುವ ಬಿಸಿಲು. ನಮ್ಮಲ್ಲಿ ಬಿಸಿಲು ತಾಗಿದ ಒಣದ್ರಾಕ್ಷಿಯೆಂದರೆ ಮಡಿ ಕೆಟ್ಟ ಹಾಗೆ. ಹಸಿರು ಉಳಿಯಬೇಕು. ಒಂದು ಮೂಲೆ ಕೆಂಪಾದರೂ ವ್ಯಾಪಾರಿ ಮುಷ್ಟಿಯಲ್ಲಿ ಹಿಡಿದು, ಮುಖ ಹಿಂಡಿ, ಮರಳಿ ಚೀಲಕ್ಕೆ ಸುರಿಯುತ್ತಾನೆ.

ಸ್ನೇಹಲ್ ಕುಂಟುತ್ತ ಬಂದಳು. ಬಲಗೈ ಪ್ಲಾಸ್ಟರಿನ ಮೇಲೆ ಮಕ್ಕಳು ಬರೆದ ಬೆಕ್ಕು, ಟ್ರ್ಯಾಕ್ಟರ್, ಸೂರ್ಯ. ತೆಳ್ಳಗಾಗಿದ್ದಳು. ಕಣ್ಣು ತುಂಬಿ ಬಂದರೂ ಉದ್ದೇಶ ಮರೆಯಲಿಲ್ಲ.

"ಸಾಮಾನ ಕಟ್ಟೀ ಏನವಾ?"

"ಯಾರ ಸಾಮಾನ?"

"ನಿಂದ ಬೇ."

"ಮೊದಲ ಚಾ ಕುಡೀರಿ ಪಪ್ಪಾ."

ಅವಳಿಗೆ ಬಾಡಿಗೆಗೆ ಕೋಣೆ ಕೊಟ್ಟವಳು ಎಮಿನೆ ಅಜ್ಜಿ. ಎಪ್ಪತ್ತು ದಾಟಿದ ತೋಟದೊಡತಿ. ತಲೆಗೆ ಹೂವಿನ ರುಮಾಲು, ಕಾಲಿಗೆ ರಬ್ಬರ್ ಬೂಟು. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಕೊಟ್ಟಳು. ಖಾಲಿಯಾದರೆ ತುಂಬಿಸಿದಳು. ಖಾಲಿ ಮಾಡುವುದು ಮರ್ಯಾದೆ ಎಂದು ನಾನು, ತುಂಬಿಸುವುದು ಮರ್ಯಾದೆ ಎಂದು ಅವಳು. ಇಬ್ಬರೂ ಏಳು ಲೋಟದವರೆಗೆ ಸಂಸ್ಕೃತಿ ಉಳಿಸಿಕೊಂಡೆವು. ಲೋಟದ ಮೇಲೆ ಚಮಚ ಅಡ್ಡ ಇಟ್ಟರೆ ಸಾಕು ಎಂದರ್ಥ ಎಂಬುದನ್ನು ಮಗಳು ಆಮೇಲೆ ಹೇಳಿದಳು.

ಅಜ್ಜಿಯ ಅಂಗಳದ ಹಿಂದೆ ಇಪ್ಪತ್ತನಾಲ್ಕು ಟ್ರೇ ಇದ್ದವು. ಹನ್ನೆರಡು, ಬಲೆಯ ನೆರಳಿನ ಕೆಳಗೆ ನಮ್ಮ ತೆಲಸಂಗದ ಮಾದರಿಯ ರ್ಯಾಕಿನ ಮೇಲೆ. ಹನ್ನೆರಡು, ಬಟಾಬಯಲಿನಲ್ಲಿ ನೆಲದ ಮೇಲೆ.

"ನೀವ ಬರ್ತೀರಂತ ಗೊತ್ತಾಗೇ ನಿನ್ನೆ ಅದ್ದಿ ಇಟ್ಟೀನಿ" ಎಂದಳು. "ಊರಾಗಿನ ಕೊಯ್ಲು ಮುಗೀತು. ಇದ ಕಡೀ ಸರತಿ. ನೀವ ನನ್ನ ಬಲಗೈ ಆಗ್ರಿ. ತೂಗಿ ಹೇಳ್ರಿ, ನಾ ಎಡಗೈಲೆ ಬರಕೋತೀನಿ."

"ನಾ ನಿನ್ನ ಕರಕೊಂಡು ಹೋಗಾಕ ಬಂದೀನಿ."

"ಹೌದ್ರಿ. ಐದ್ ದಿನ ಐತೆಲ್ಲ ವಿಮಾನಕ? ಅಲ್ಲೀತನಕ ತೂಗ್ರಿ."

ಐದು ದಿನದಲ್ಲಿ ಅವಳ ಮನಸ್ಸು ತಿರುಗಿಸುವೆ ಎಂದು ನಾನು, ನನ್ನದನ್ನು ತಿರುಗಿಸುವೆ ಎಂದು ಅವಳು. ಒಂದೇ ರಕ್ತ.

ಸಂಜೆ ಕೂಲಿಯವರ ಗುಡಾರಗಳಿಗೆ ಕರೆದೊಯ್ದಳು. ದೂರದ ಪ್ರಾಂತಗಳಿಂದ ಕೊಯ್ಲಿಗೆ ಬಂದ ಕುಟುಂಬಗಳು ಹಳ್ಳದ ದಂಡೆಗೆ ಪ್ಲಾಸ್ಟಿಕ್ ಹೊದಿಸಿಕೊಂಡು ಇದ್ದವು. ಮಗಳನ್ನು ಕಂಡೊಡನೆ ಮಕ್ಕಳು ಚಾಪೆ ಹಾಸಿದವು. ಒಂದು ಹುಡುಗಿ ಅವಳ ಪ್ಲಾಸ್ಟರ್ ಕೈಯನ್ನು ಗಾಜಿನ ಪಾತ್ರೆಯಂತೆ ಹಿಡಿದು ಕೂರಿಸಿದಳು. ನಾನು ಒಂದು ಬದಿ ನಿಂತಿದ್ದೆ. ನಮ್ಮ ಕಾಗವಾಡ, ರಾಯಬಾಗ ಕಡೆ ಕಬ್ಬಿನ ಹಂಗಾಮಿಗೆ ಕಡಿಯುವ ಗ್ಯಾಂಗಿನವರು ಬಂದು ಹೀಗೇ ಗುಡಿಸಲು ಹಾಕುತ್ತಾರೆ. ನೆಂಟರ ಹೊಲದ ಬದಿಯ ಆ ಗುಡಿಸಲುಗಳ ಮುಂದಿನಿಂದ ಮೂವತ್ತು ವರ್ಷ ಬೈಕಿನಲ್ಲಿ ಹಾದಿದ್ದೇನೆ. ಒಂದು ಮಗುವಿನ ಹೆಸರು ಗೊತ್ತಿಲ್ಲ. ಇಲ್ಲಿ ಹತ್ತು ನಿಮಿಷದಲ್ಲಿ ಮೂರು ಹೆಸರು ಗೊತ್ತಾದವು.

ಮೂರನೆಯ ದಿನ

ಕೈ ತೋರಿಸಲು ಮಗಳು ಅಜ್ಜಿಯ ಜೊತೆ ಪೇಟೆಯ ಆಸ್ಪತ್ರೆಗೆ ಹೋಗಿದ್ದಳು. ನಾನೊಬ್ಬನೇ. ಮಧ್ಯಾಹ್ನದ ಬಿಸಿಲು ಏರಿತ್ತು. ಅಂಗಳದ ಹಿಂದೆ ಹೋಗಿ ನೋಡಿದೆ, ನೆಲದ ಮೇಲಿನ ಹನ್ನೆರಡು ಟ್ರೇ ಕಾವಿಗೆ ಮಿಡುಕುತ್ತಿರುವಂತೆ ಕಂಡವು. ಅಂಚಿನ ಹಣ್ಣು ಆಗಲೇ ಕೆಂಪು.

ಪ್ರಯೋಗದ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಎರಡು ದಿನ ತೂಗಿದವನೇ ನಾನು. ಆದರೆ ತಿಳಿವಳಿಕೆ ಇರುವುದು ತಲೆಯಲ್ಲಿ. ದ್ರಾಕ್ಷಿ ಇರುವುದು ಕೈಯಲ್ಲಿ. ಬಿಸಿಲಿಗೆ ಬಿದ್ದ ಟ್ರೇ ಕಂಡರೆ ನಮ್ಮೂರಿನ ಯಾರೇ ಆಗಲಿ, ಪಕ್ಕದ ಹೊಲದ ವೈರಿಯದಾದರೂ ಸರಿ, ಎತ್ತಿ ನೆರಳಿಗಿಟ್ಟು ಆಮೇಲೆ ಜಗಳ ಮುಂದುವರಿಸುತ್ತಾರೆ. ನನ್ನ ಕೈ ಎತ್ತಿತು. ಒಂದೊಂದಾಗಿ ಹನ್ನೆರಡನ್ನೂ ಬಲೆಯ ಕೆಳಗೆ ತಂದಿಟ್ಟೆ. ಹಣ್ಣನ್ನು ಮೆಲ್ಲಗೆ ತಿರುವಿದೆ ಕೂಡ. ಬೆವರು ಒರೆಸಿಕೊಂಡು ಕೂತಾಗ, ದೇಶ ಬಿಟ್ಟ ಮೇಲೆ ಮೊದಲ ಸಲ ಏನೋ ಉಪಯೋಗಕ್ಕೆ ಬಂದೆ ಎನಿಸಿತು.

ನಾಲ್ಕು ತಾಸಿನ ಮೇಲೆ ಬಂದ ಮಗಳು ಖಾಲಿ ನೆಲವನ್ನು ನೋಡಿದಳು. ಬಲೆಯ ಕೆಳಗೆ ನೋಡಿದಳು. ನನ್ನನ್ನು ನೋಡಿದಳು.

"ಯಾಕ ಎತ್ತಿದ್ರಿ?"

"ಬಿಸಲ ಭಾಳ ಇತ್ತವಾ. ಕೆಂಪಾಗಾಕತ್ತಿದ್ದು."

"ಕೆಂಪಾಗಲಿ ಅಂತನ ಇಟ್ಟಿದ್ದೆ ಪಪ್ಪಾ."

ಬೈದಿದ್ದರೆ ಚೆನ್ನಾಗಿತ್ತು. ಅವಳು ರಿಜಿಸ್ಟರ್ ತಂದು, ಮೊಣಕಾಲ ಮೇಲಿಟ್ಟುಕೊಂಡು, ಷರಾ ಎಂಬ ಕಾಲಮ್ಮಿನಲ್ಲಿ ಎಡಗೈಯಿಂದ ಸೊಟ್ಟಗೆ ಬರೆದಳು. ಬಗ್ಗಿ ಓದಿದೆ: "ಟ್ರೇಗಳ ಜಾಗ ಬದಲು, ನಾಲ್ಕು ತಾಸು. ಕಾರಣ: ತಂದೆ."

"ಈಗ ತಿರುಗಿ ಬಿಸಲಿಗಿಟ್ರ ಆತಲ್ಲ?"

"ನೆರಳಾಗ ಇದ್ದದ್ದನ್ನ ಬಿಸಲಾಗ ಇತ್ತಂತ ಬರೀಲೇನು?"

"ಯಾರಿಗಿ ಗೊತ್ತಾಗ್ತೈತಿ?"

ಈ ಮಾತು ನನ್ನ ಬಾಯಿಂದಲೇ ಬಂತು. ಮನೆಯಲ್ಲಿ ಸುಳ್ಳು ಹೇಳಿದರೆ ಬಾಯಿ ಕೊಳೆಯುತ್ತದೆ ಎಂದು ಇದೇ ಹುಡುಗಿಗೆ ಹೆದರಿಸಿದ ಬಾಯಿ.

"ನನಗ ಗೊತ್ತೈತೆಲ್ರಿ" ಎಂದಳು. ಆಮೇಲೆ, ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಹಾಕುತ್ತ, "ಮುಗೀತು. ಈಗ ಬೇಕಾದ್ರ ಕರಕೊಂಡು ಹೋಗ್ರಿ" ಎಂದಳು.

ನಾನು ಬಂದ ಕೆಲಸ ಆಗಿತ್ತು. ಜೇಬಿನಲ್ಲಿ ಎರಡು ಟಿಕೆಟ್ ಇದ್ದವು. ಎರಡು ವಾರ ಈ ಒಂದು ಮಾತಿಗಾಗಿ ಊಟ ಬಿಟ್ಟಿದ್ದೆ. ಮಾತು ಬಂದಾಗ, ತಂತಿ ಕಡಿದ ಬಳ್ಳಿಯ ಹಾಗೆ ಕೂತಿದ್ದ ಅವಳನ್ನು ನೋಡಿ, ಹೀಗೆ ಇವಳನ್ನು ಕರೆದೊಯ್ದರೆ ಮನೆಗೆ ತಲುಪುವುದು ಮಗಳಲ್ಲ, ಬರೀ ಸಾಮಾನು ಎನಿಸಿತು.

"ಏಳು. ಎಲ್ಲೆರ ಒಂದ್ ಬಳ್ಳಿ ಹಣ್ಣ ಉಳದಿರಬೇಕು. ನಡಿ, ಕೇಳೂಣು."

ಮೇಲಿನ ತೋಟ

ಉಳಿದಿತ್ತು. ಗುಡ್ಡದ ಇಳಿಜಾರಿನಲ್ಲಿ ಎಮಿನೆ ಅಜ್ಜಿಯದೇ ನಾಲ್ಕು ಸಾಲು. ಮೊದಲ ಮಳೆ ಬೀಳುವ ತನಕ ಆ ಹಣ್ಣನ್ನು ಅವಳು ಯಾರಿಗೂ ಮುಟ್ಟಗೊಡುವುದಿಲ್ಲ. ಚಳಿಗಾಲದಲ್ಲಿ ಮನೆಯ ಜಂತಿಗೆ ಗೊಂಚಲು ತೂಗುಹಾಕಿ ಮೊಮ್ಮಕ್ಕಳಿಗೆ ತಿನ್ನಿಸುವುದಕ್ಕೆ ಇಟ್ಟದ್ದು. ಕೇಳಲು ಮಗಳು ಹಿಂಜರಿದಳು. ತಪ್ಪು ನನ್ನದು, ಕೇಳುವವನೂ ನಾನೇ ಎಂದು ಅಜ್ಜಿಯ ಮುಂದೆ ಕೈಕಟ್ಟಿ ನಿಂತೆ. ನಾನು ಹೇಳಿದ್ದನ್ನು ಸ್ನೇಹಲ್ ಟರ್ಕಿ ಭಾಷೆಗೆ, ಅಜ್ಜಿ ಹೇಳಿದ್ದನ್ನು ನಮ್ಮ ಮಾತಿಗೆ ತಿರುಗಿಸಿದಳು. ಹಾಗಾಗಿ ಅಜ್ಜಿ ನನ್ನ ನೆನಪಿನಲ್ಲಿ ಇವತ್ತಿಗೂ ತೆಲಸಂಗದವರ ಹಾಗೇ ಮಾತಾಡುತ್ತಾಳೆ.

"ನಿಮ್ಮ ಕಡೆ ಬಿಸಲಂದ್ರ ಅಷ್ಟ್ ಅಂಜತೀರೇನು?"

"ದ್ರಾಕ್ಷಿ ಸಲುವಾಗಿ ಅಂಜತೀವಿ, ಅಜ್ಜಿ."

"ಮತ್ತ ಮಗಳ ಸಲುವಾಗಿ?"

ಅದನ್ನು ತಿರುಗಿಸುವಾಗ ಸ್ನೇಹಲ್ ನೆಲ ನೋಡುತ್ತಿದ್ದಳು. ಅಜ್ಜಿ ರುಮಾಲು ಬಿಗಿದುಕೊಂಡು ಕರಾರು ಹೇಳಿದಳು.

"ಹೋಗೂ ಮನಶಾಗ ನಾ ಹಣ್ಣ ಕೊಡೂದಿಲ್ಲ. ಇರೂ ಮನಶಾಗ ಕೊಡ್ತೀನಿ. ಕಡೀ ಟ್ರೇ ಒಣಗೂತನಕ ಇರ್ತೀ ಏನು?"

ನೆರಳಿನ ಟ್ರೇ ಒಣಗಲು ಎರಡು ವಾರದ ಮೇಲೆ ಬೇಕು. ಊರಲ್ಲಿ ನನ್ನ ದ್ರಾಕ್ಷಿಗೆ ಚಾಟ್ನಿ, ಅಂದರೆ ಬಳ್ಳಿ ಸವರುವ ಸಮಯ. ಕತ್ತರಿಸುವಾಗ ಚಿಗುರೊಡೆಯುವ ಒಂದು ಕಣ್ಣು ಆಚೀಚೆ ಆದರೆ ವರ್ಷದ ಫಸಲು ಹೋಗುತ್ತದೆ. ಇಪ್ಪತ್ತು ವರ್ಷದಲ್ಲಿ ಒಂದು ಚಾಟ್ನಿಯನ್ನೂ ನಾನು ತಪ್ಪಿಸಿದವನಲ್ಲ. ಸುಮನ್‌ಗೆ ಫೋನ್ ಹಚ್ಚಿ ನಡೆದದ್ದೆಲ್ಲ ಹೇಳಿದೆ.

ಬಹಳ ಹೊತ್ತು ನಕ್ಕಳು. "ದ್ರಾಕ್ಷಿ ನೆರಳಿಗಿ ಎಳದ್ರೇನು! ಅಲ್ಲೀತನಕ ಹೋಗಿ!"

"ನಗಬ್ಯಾಡ. ಚಾಟ್ನಿ ಹೆಂಗ?"

"ನೀವ ಬೇವಿನ ಗಿಡದ ಕೆಳಗ ನಿಂತು ಚಿಂತಿ ಮಾಡ್ತೀರಿ, ಆಳಿಗಿ ಕಣ್ಣ ತೋರಸಾವರು ಯಾರು? ನಾನ. ಈ ಸಲ ಚಿಂತಿ ಒಂದ್ ಇರೂದಿಲ್ಲ, ಚಾಟ್ನಿ ಆಗ್ತೈತಿ. ನೀವ ಅಲ್ಲೆ ಇದ್ದು ತೂಗ್ರಿ."

ಆ ರಾತ್ರಿಯೇ ಎರಡೂ ಟಿಕೆಟ್ಟಿನ ತಾರೀಖು ಮುಂದಕ್ಕೆ ಹಾಕಿಸಿದೆ. ಮರುದಿನ ಬೆಳಕು ಹರಿಯುವಾಗಲೇ ಕತ್ತರಿ ಹಿಡಿದು ಇಳಿಜಾರು ಹತ್ತಿದೆ. ಇಪ್ಪತ್ತನಾಲ್ಕು ಟ್ರೇಗಾಗುವಷ್ಟು ಹಣ್ಣನ್ನು ಒಬ್ಬನೇ ಕೊಯ್ದು, ಹೊತ್ತು ಇಳಿಸಿ, ಬಿಸಿಲೇರುವ ಮುಂಚೆ ಅದ್ದಬೇಕು. ಮೊದಲ ಸಾಲಿನಲ್ಲೇ ಸೊಂಟ ತನ್ನ ವಯಸ್ಸು ಹೇಳಿತು. ಆಗ ಕೆಳಗಿನಿಂದ ಮಾತು ಕೇಳಿಸಿತು. ಗುಡಾರದ ಮಕ್ಕಳು ಮುಂದೆ, ಅವರ ತಾಯಂದಿರು ಆರು ಮಂದಿ ಹಿಂದೆ. ಅವರ ಲಾರಿ ಆ ಮಧ್ಯಾಹ್ನವೇ ಹೊರಡುವುದಿತ್ತು; ಗಂಟುಮೂಟೆ ಕಟ್ಟಿಟ್ಟು ಬಂದಿದ್ದರು. ಯಾರು ಹೇಳಿ ಕಳಿಸಿದರು ಎಂದು ಮಗಳನ್ನು ಕೇಳಿದೆ. ತಾನಲ್ಲ ಎಂದಳು. ನಿನ್ನೆ ಟೀಚರು ಪಾಠದಲ್ಲಿ ಅತ್ತಳೆಂದು ಮಕ್ಕಳೇ ಮನೆಯಲ್ಲಿ ಹೇಳಿದ್ದವು. ನನ್ನೆದುರು ಅಳದವಳು ಅಲ್ಲಿ ಅತ್ತಿದ್ದಳು.

ಆ ಹೆಂಗಸರ ಕೈ ಓಡುವುದನ್ನು ನೋಡುತ್ತ ನಾನು ಕತ್ತರಿ ಆಡಿಸುವುದನ್ನೇ ಮರೆತೆ. ನನ್ನ ಎರಡು ತಾಸಿನ ಕೆಲಸ ಚಹಾ ಆರುವಷ್ಟರಲ್ಲಿ ಮುಗಿಯಿತು. ಚಿಕ್ಕೋಡಿ ಅಕ್ಕನ ಹಳದಿ ರೊಟ್ಟಿಯನ್ನು ಎಲ್ಲರಿಗೂ ಹಂಚಿದೆ. ಒಬ್ಬಾಕೆ ಶೇಂಗಾ ಚಟ್ನಿ ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡು, ಇನ್ನಷ್ಟು ಬೇಕೆಂದು ಕೈ ಚಾಚಿದಳು. ಮೂಡಲಗಿ ಕಡೆಯ ಹೆಂಗಸಾದರೂ ಹಾಗೇ ಮಾಡುತ್ತಿದ್ದಳು.

ಹದಿನಾರು ದಿನ

ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ. ಟ್ರೇ ಎತ್ತು, ತಕ್ಕಡಿಗಿಡು, ಅಂಕಿ ಕೂಗು, ಇದ್ದಲ್ಲೇ ಇಡು. ಸ್ನೇಹಲ್ ಎಡಗೈಯಿಂದ ಬರೆಯುತ್ತಿದ್ದಳು; ಅಕ್ಷರ ದಿನದಿನಕ್ಕೆ ನೆಟ್ಟಗಾಗುತ್ತಿತ್ತು. ಉಳಿದ ಹೊತ್ತು ಬಯಲಿನ ಟ್ರೇಗಳ ಹತ್ತಿರ ಹೋಗುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ನನ್ನ ಕೈಯನ್ನು ನಾನು ನಂಬುವಂತಿರಲಿಲ್ಲ. ಹಾಗೆ ನಡೆಯುವುದನ್ನು ನೋಡಿ ಹಳ್ಳಿಯವರು ನನ್ನನ್ನು ಯಾವುದೋ ದೊಡ್ಡ ಸರಕಾರಿ ಸಾಹೇಬನೆಂದುಕೊಂಡು ಎದ್ದು ನಿಲ್ಲತೊಡಗಿದರು.

ಒಂಬತ್ತನೆಯ ದಿನ ಸಂಜೆ ಪಡುವಣದಲ್ಲಿ ಮೋಡ ಕಟ್ಟಿತು. ಒಮ್ಮೆಲೇ ಹಳ್ಳಿಗೆ ಹಳ್ಳಿಯೇ ಬಯಲಿಗೆ ಓಡಿತು. ಅವರ ಮುಖ ನನಗೆ ಗುರುತಿತ್ತು. ಶೆಡ್ಡಿನಲ್ಲಿ ಮಾಲಿರುವಾಗ ಏಪ್ರಿಲ್ ತಿಂಗಳ ಅಡ್ಡಮಳೆ ಗುಡುಗಿದರೆ ನಮ್ಮೂರಲ್ಲಿ ಕಾಣುವ ಮುಖ. ನಾನೂ ತಾಡಪತ್ರಿ ಹಿಡಿದು ಟ್ರೇಗಳ ಹತ್ತಿರ ಓಡಿದೆ. ಓಡಿ, ನಿಂತೆ.

"ಮುಚ್ಚಲೇನು?"

"ತಡೀರಿ. ಊರವರು ಮುಚ್ಚಿದಾಗ ನಾವೂ ಮುಚ್ಚೂದು. ಅವರ ಪದ್ಧತಿನ ನಾ ಅಳ್ಯಾಕತ್ತೀನಿ, ನಮ್ಮ ಅಂಜಿಕಿ ಅಲ್ಲ."

ಮೂಗಿನ ಮೇಲೆ ಒಂದು ಹನಿ ಬಿತ್ತು. ಪಕ್ಕದ ಬಯಲಿನವರು ಇನ್ನೂ ರಾಶಿ ಗುಡ್ಡೆಹಾಕುತ್ತಿದ್ದರು. ತಾಡಪತ್ರಿಯನ್ನು ಎದೆಗವುಚಿಕೊಂಡು ನಿಂತೆ. ಜೀವನದಲ್ಲಿ ಸುಮ್ಮನೆ ನಿಲ್ಲುವುದಕ್ಕೆ ಅಷ್ಟು ಶಕ್ತಿ ಖರ್ಚು ಮಾಡಿದ್ದು ಅದೊಂದೇ ಸಲ.

"ಈಗ! ಮುಚ್ಚ್ರಿ ಪಪ್ಪಾ!"

ಒಂದು ಮೂಲೆ ನಾನು, ಒಂದು ಮೂಲೆ ಅಜ್ಜಿ, ಒಂದು ಮೂಲೆಯನ್ನು ಉಳುಕಿದ ಕಾಲಿನಿಂದ ಮೆಟ್ಟಿ ಮಗಳು. ನಾಲ್ಕನೆಯ ಮೂಲೆ ಗಾಳಿಗೆ ಹಾರಾಡಿತು. ಅದರ ಮೇಲೆ ನಾನೇ ಮಲಗಿದೆ. ಕಾಲು ತಾಸು ಮಳೆ ನನ್ನ ಬೆನ್ನ ಮೇಲೆ ಬಿತ್ತು. ಟ್ರೇಯ ಮೇಲೆ ಬೀಳಲಿಲ್ಲ.

ಹದಿನಾರನೆಯ ದಿನ ತೂಕ ಇಳಿಯುವುದು ನಿಂತಿತು. ನೆರಳಿನದು ಹಸಿರು, ಬಿಸಿಲಿನದು ಹೊನ್ನು. ಎರಡನ್ನೂ ತಿಂದು ನೋಡಿದೆ. ಯಾವುದು ರುಚಿ ಎಂದು ಇಲ್ಲಿ ಬರೆದರೆ ತೆಲಸಂಗದಲ್ಲಿ ನನಗೆ ನೀರು ಹುಟ್ಟುವುದಿಲ್ಲ.

ಕುಡಚಿ

ಹಳ್ಳಿ ಬಿಟ್ಟು ಹೊರಡುವ ಬೆಳಿಗ್ಗೆ ಮಗಳು ಒಳಗೆ ನನ್ನ ಅಂಗಿ ಮಡಿಸುತ್ತಿದ್ದಳು. ಮೇಜಿನ ಮೇಲೆ ರಿಜಿಸ್ಟರ್ ಇತ್ತು. ತಪ್ಪೆಂದು ಗೊತ್ತಿದ್ದೂ ತೆರೆದೆ. "ಕಾರಣ: ತಂದೆ" ಎಂಬ ಸೊಟ್ಟ ಸಾಲು ಹಾಗೇ ಇತ್ತು, ಹೊಡೆದುಹಾಕಿರಲಿಲ್ಲ. ಅದರ ಮುಂದಿನ ಪುಟದಲ್ಲಿ ಹದಿನಾರು ದಿನದ ಅಂಕಿಗಳು. ತೂಗಿದವರು ಎಂಬಲ್ಲಿ ಪ್ರತಿ ಸಾಲಿಗೂ ನನ್ನ ಹೆಸರು. ಅದರೆದುರಿನ ಷರಾದಲ್ಲಿ, ಮಳೆ ಬಂದ ದಿನ "ಊರಿನವರೊಂದಿಗೆ ಮುಚ್ಚಲಾಯಿತು" ಎಂಬುದೊಂದನ್ನು ಬಿಟ್ಟರೆ, ಮೇಲಿನಿಂದ ಕೆಳಗಿನವರೆಗೆ ಒಂದೇ ಮಾತು: "ವಿಶೇಷ ಏನೂ ಇಲ್ಲ. ವಿಶೇಷ ಏನೂ ಇಲ್ಲ. ವಿಶೇಷ ಏನೂ ಇಲ್ಲ."

ಹೊಗಳಿಕೆಯ ಪತ್ರಗಳನ್ನು ಕಂಡಿದ್ದೇನೆ. ಅದರಷ್ಟು ದೊಡ್ಡದನ್ನು ಕಂಡಿರಲಿಲ್ಲ.

ವ್ಯಾನು ಹೊರಟಾಗ ಎಮಿನೆ ಅಜ್ಜಿ ಹಿಂದಿನಿಂದ ತಂಬಿಗೆ ನೀರನ್ನು ರಸ್ತೆಗೆ ಚೆಲ್ಲಿದಳು. ನಮ್ಮಲ್ಲಿ ಯಾರಾದರೂ ಹೊರಟ ಮೇಲೆ ಅಪಶಕುನವೆಂದು ಒಂದು ಗಳಿಗೆ ಕಸ ಕೂಡ ಗುಡಿಸುವುದಿಲ್ಲ; ನಾನು ಮಗಳತ್ತ ನೋಡಿದೆ. ನೀರಿನ ಹಾಗೆ ಸರಾಗ ಹೋಗಿ ನೀರಿನ ಹಾಗೆ ತಿರುಗಿ ಬಾ ಎಂದು ಅದರರ್ಥ ಎಂದು ಮಗಳು ಕಿಟಕಿಯ ಪಕ್ಕದಲ್ಲೇ ಕುಂಟುತ್ತ ಬಂದು ಹೇಳಿದಳು. ಸಾಮಾನು ಕಟ್ಟು ಎಂದು ನಾನು ಹೇಳಲಿಲ್ಲ. "ವರ್ಷ ಮುಗಿಸಿ ಬಾ" ಎಂದೆ. ವಿಮಾನದಲ್ಲಿ ಅವಳಿಗೆಂದು ತೆಗೆಸಿದ್ದ ಸೀಟು ಖಾಲಿ ಇತ್ತು. ಬೂಟು ಬಿಚ್ಚಿ ಅದರ ಕೆಳಗಿಟ್ಟೆ.

ಕುಡಚಿ ಸ್ಟೇಷನ್ನಿನಲ್ಲಿ ಇಳಿದಾಗ ಸುಮನ್‌ಳ ಫೋನ್ ಬಂತು. ಚಾಟ್ನಿ ಮುಗಿದಿದೆ, ಆಳುಗಳು ಈ ಸಲ ಖುಷಿಯಿಂದ ಕೆಲಸ ಮಾಡಿದರು ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ಒಬ್ಬರ ಬಂದ್ರಿ?"

"ಒಬ್ಬನ ಬಂದೆ."

"ಅಲ್ಲೆ ಹೆಂಗ ಅದಾಳ್ರಿ? ಏನರೆ ವಿಶೇಷ?"

"ವಿಶೇಷ ಏನೂ ಇಲ್ಲ."

ಮದುವೆಯಾದ ಇಪ್ಪತ್ತನಾಲ್ಕು ವರ್ಷದಲ್ಲಿ ಈ ಮಾತನ್ನು ಅವಳು ನನ್ನ ಬಾಯಿಂದ ಕೇಳಿರಲಿಲ್ಲ.

"ರೀ," ಎಂದಳು ಗಾಬರಿಯಿಂದ, "ನೀವ ಆರಾಮ ಅದೀರಿಲ್ಲೋ?"